ಮೂರು ದಾರಿ ಕೂಡುವಲ್ಲಿ ನಾಲ್ಕು ಚಂದ್ರ

ಪೊಲೀಸ್ ಇಲಾಖೆಯಿಂದ ನಿವೃತ್ತನಾಗುವ ಹಿಂದಿನ ವರ್ಷ ನಾನು ಕುಣಿಗಲ್‌ನಲ್ಲಿ ಎ.ಎಸ್.ಐ. ಆಗಿದ್ದೆ. ಕಳ್ಳತನ, ಅಪಘಾತ, ಬೇಲಿ ಜಗಳ, ಇಷ್ಟರಲ್ಲೇ ಸರ್ವಿಸ್ ಮುಗಿಯಿತು ಅಂದುಕೊಂಡಿದ್ದೆ. ಒಂದು ಭಾನುವಾರ ಬೆಳಗ್ಗೆ ಫೋನ್ ಬಂತು. ‘ಸಾರ್, ಕೆರೆ ಕಡೆ ರಸ್ತೇಲಿ ಯಾರೋ ಮಾಟ ಮಾಡವ್ರೆ. ಜನ ಸೇರ್ಬಿಟ್ಟವ್ರೆ, ಬೇಗ ಬನ್ನಿ.’ ತಿನ್ನುತ್ತಿದ್ದ ತಟ್ಟೆ ಇಡ್ಲಿ ಬಿಟ್ಟು ಎದ್ದೆ. ಮಾಟ ಮಾಡುವವರಿಗೂ ನನ್ನ ತಿಂಡಿ ಹೊತ್ತೇ ಆಗಬೇಕೆ!

ಮೂರು ದಾರಿ ಕೂಡುವ ಜಾಗ. ಕಾಂಕ್ರೀಟ್ ರಸ್ತೆಯ ತುಂಬ ರಂಗೋಲಿ ಪುಡಿ, ಅರಿಶಿನ, ಕುಂಕುಮದ ಗೆರೆಗಳು, ನಡುನಡುವೆ ನಾಲ್ಕು ನಿಂಬೆಹಣ್ಣು. ಜನ ಅದನ್ನು ದಾಟಲು ಹೆದರಿ ಚರಂಡಿ ಅಂಚಿನಲ್ಲಿ ಸುತ್ತಿಕೊಂಡು ಓಡಾಡುತ್ತಿದ್ದರು. ಮೂಲೆಮನೆಯ ಮಾಲೀಕ ಮಂಜಣ್ಣ ಕೆಂಡವಾಗಿದ್ದ. ಅವನ ಮಗಳು ದಿವ್ಯಾಳ ಮದುವೆಗೆ ಹೆಚ್ಚು ದಿನ ಉಳಿದಿರಲಿಲ್ಲ.

‘ಇವಳದೇ ಕೆಲ್ಸ ಸಾರ್’ ಎಂದು ಬಾಡಿಗೆದಾರಳನ್ನು ತೋರಿಸಿದ. ‘ಗುಬ್ಬಿಯಿಂದ ಬಂದವ್ಳೆ. ರಾಕ್ಷಸರು, ಮಂತ್ರವಾದಿಗಳ ಪುಸ್ತಕಾನೇ ಓದೋದು. ಮಗಳ ಮದ್ವೆ ಕೆಡ್ಸೋಕೆ ಹಿಂಗ್ ಮಾಡವ್ಳೆ. ಇವತ್ತೇ ಖಾಲಿ ಮಾಡ್ಲಿ.’

ಆಕೆ ನಾಗರತ್ನಮ್ಮ, ಒಂಟಿ ಹೆಂಗಸು, ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿದು ಬದುಕುವವರು. ಅವರ ಹೊಲಿಗೆ ಮೆಷಿನ್ನನ್ನು ಆಗಲೇ ಬೀದಿಗೆ ತಂದಿಟ್ಟಿದ್ದರು. ಆಕೆ ಕೊರಳಲ್ಲಿ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಎಷ್ಟು ಕೇಳಿದರೂ ‘ನಂಗೇನೂ ಗೊತ್ತಿಲ್ಲ ಸಾರ್’ ಎಂಬ ಒಂದೇ ಮಾತು. ಗುಂಪಿನಲ್ಲಿ ಒಬ್ಬಿಬ್ಬರು ತೋಳೇರಿಸುತ್ತಿದ್ದರು. ನನಗೆ ಒಳಗೊಳಗೇ ದಿಗಿಲಾಯಿತು. ಜನ ನುಗ್ಗಿದರೆ ನನ್ನಿಂದ ಮತ್ತು ಒಬ್ಬ ಕಾನ್‌ಸ್ಟೇಬಲ್‌ನಿಂದ ಏನಾದೀತು?

ಹೊತ್ತು ಕಳೆಯಲೆಂದೇ ಮಹಜರು ಶುರು ಮಾಡಿದೆ. ಮಹಜರು ಎಂದರೆ ಘಟನೆಯ ಜಾಗದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ಬರೆದಿಡುವುದು. ಜೊತೆಗೊಂದು ಕೈನಕ್ಷೆ ಇರಬೇಕು, ಅದರಲ್ಲಿ ಮೊದಲು ಬಾಣ ಹಾಕಿ ಉತ್ತರ ದಿಕ್ಕು ಗುರುತಿಸಬೇಕು. ಅಭ್ಯಾಸದಂತೆ ಬಾಣ ಎಳೆದು ‘ಉ’ ಎಂದು ಬರೆದೆ. ತಲೆಯೆತ್ತಿ ನೋಡಿದರೆ ರಂಗೋಲಿಯ ಮೂಲೆಯಲ್ಲೂ ಅಂಥದೇ ಬಾಣ, ಅದರ ನೆತ್ತಿಯಲ್ಲಿ ಅದೇ ‘ಉ’!

‘ಮಾಟ ಮಾಡೋರು ಉತ್ತರ ದಿಕ್ಕು ಯಾಕ್ರಪ್ಪಾ ಬರೀತಾರೆ? ಇದು ನಕ್ಷೆ ಕಣ್ರಯ್ಯಾ!’ ಎಂದು ಕೂಗಿದೆ.

‘ಹಂಗಾದ್ರೆ ಯಾವೂರಿನ ನಕ್ಷೆ, ಹೇಳಿ ಸಾರ್’ ಎಂದ ಮಂಜಣ್ಣ. ನಾನು ಬಗ್ಗಿ ಗೆರೆಗಳನ್ನು ನೋಡತೊಡಗಿದೆ.

‘ಅದು ಯಾವೂರಿಂದೂ ಅಲ್ಲ ಅಪ್ಪ. ನನ್ ಪುಸ್ತಕದ್ದು.’ ಮಹಡಿ ಮೆಟ್ಟಿಲ ಮೇಲೆ ದಿವ್ಯಾ ನಿಂತಿದ್ದಳು. ಅತ್ತೂ ಅತ್ತೂ ಕಣ್ಣು ಊದಿದ್ದವು.

ಆಗ ವಿಷಯ ಹೊರಬಿತ್ತು. ಪ್ರತಿ ಶನಿವಾರ ಸಂಜೆ ನಾಗರತ್ನಮ್ಮನ ಕೋಣೆಯಲ್ಲಿ ನಾಲ್ಕೈದು ಜನ ಸೇರುತ್ತಿದ್ದರು. ಎಲ್ಲರಿಗೂ ಫ್ಯಾಂಟಸಿ ಕಾದಂಬರಿಗಳ ಹುಚ್ಚು. ಒಬ್ಬೊಬ್ಬರೂ ತಮಗೆ ಯಾವ ಕಾದಂಬರಿ ಇಷ್ಟ, ಯಾಕೆ ಇಷ್ಟ ಎಂದು ಹೇಳಬೇಕು. ಹಿಂದಿನ ಸಂಜೆ ದಿವ್ಯಾಳ ಸರದಿ. ಬಾಯಲ್ಲಿ ಹೇಳಲಾಗದೆ, ಬೀದಿ ಖಾಲಿಯಾದ ಮೇಲೆ ತನ್ನ ಕಾದಂಬರಿಯ ದೇಶವನ್ನೇ ರಸ್ತೆಯ ಮೇಲೆ ಬರೆದು ತೋರಿಸಿದ್ದಳು. ಅಳಿಸಲು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದಳು.

‘ನಿಂಬೆಹಣ್ಣು?’ ಎಂದೆ.

‘ಅಲ್ಲಿ ನಾಲ್ಕು ಚಂದ್ರ ಇದಾವೆ ಅಂಕಲ್.’

ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಅಂತರಸನಹಳ್ಳಿ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದ ಶಿವಣ್ಣ ಗುಂಪಿಗೆ ನುಗ್ಗಿದ. ಅವನೂ ಶನಿವಾರದ ಓದುಗ. ‘ನಮ್ಮೂರು ಹುತ್ರಿದುರ್ಗ ಸಾರ್. ಹುಟ್ಟಿದಾಗಿಂದ ಅದೇ ಬೆಟ್ಟ ನೋಡಿ ಬೇಜಾರಾಗಿತ್ತು. ನಂಗೆ ಇಷ್ಟದ ಪುಸ್ತಕದಾಗೆ ಬೆಟ್ಟದೊಳಗೊಂದು ಬಾಗ್ಲು ಐತೆ. ಅದ್ನ ಓದಿದ್ಮೇಲೆ ನಮ್ ಬೆಟ್ಟಾನೂ ಹೊಸದಾಗಿ ಕಾಣ್ತದೆ. ಇದ್ರಾಗೆ ಯಾವ ಮಾಟ?’

ಮಂಜಣ್ಣ ಮಗಳ ಕಡೆ ತಿರುಗಿದ. ‘ನಿಂಗ್ಯಾಕವ್ವಾ ಆ ಪುಸ್ತಕ ಅಷ್ಟೊಂದು ಇಷ್ಟ?’

‘ಅದರಲ್ಲೊಬ್ಳು ಹುಡುಗಿ ಗೊತ್ತಿಲ್ಲದ ದೇಶಕ್ಕೆ ಒಬ್ಳೇ ಹೋಗ್ತಾಳೆ. ಹೆದರ್ಕೊಂಡೇ ಹೋಗ್ತಾಳೆ. ಹೋಗ್ತಾ ಹೋಗ್ತಾ ನಕ್ಷೆ ಬರ್ಕೊತಾಳೆ.’ ಅವಳು ಮೆಟ್ಟಿಲಿಳಿದು ಅಪ್ಪನ ಹತ್ತಿರ ಬಂದಳು. ‘ನಂಗೂ ಮದ್ವೆ ಅಂದ್ರೆ ಭಯ ಆಗುತ್ತೆ ಅಪ್ಪ. ನಿಂಗೆ ಹೇಳೋಕಾಗ್ಲಿಲ್ಲ.’

ಮಂಜಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ‘ಅಯ್ಯೋ ನನ್ ಕೂಸೇ, ಅಷ್ಟೇನಾ? ನಾನೇ ನಿನ್ ಗಂಡನ್ ಮನೇಗ್ ಬಂದು ಎಲ್ಡ್ ದಿನ ಇದ್ದು ಬರ್ತೀನಿ ಬುಡು’ ಎಂದ. ದಿವ್ಯಾ ಅಳುತ್ತಲೇ ನಕ್ಕಳು. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು.

ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ರಿ ಎಂದು ನಾಗರತ್ನಮ್ಮನನ್ನು ಕೇಳಿದೆ. ‘ಹೇಳಿದ್ರೆ ಆ ಮಗೀಗೆ ಬೈತಿದ್ರು, ಪುಸ್ತಕಾನೂ ಕಿತ್ಕೊತಿದ್ರು ಸಾರ್. ಮನೆ ಇನ್ನೊಂದು ಸಿಕ್ತದೆ’ ಎಂದರು.

ಮಂಜಣ್ಣನಿಗೆ ಅವರ ಮುಖ ನೋಡಲಾಗಲಿಲ್ಲ. ‘ತಪ್ಪಾಯ್ತು ಕಣಕ್ಕ’ ಎಂದವನೇ ಹೊಲಿಗೆ ಮೆಷಿನ್ನಿಗೆ ಕೈ ಹಾಕಿದ. ಇನ್ನೊಂದು ಕಡೆ ಮಗಳು ಹಿಡಿದಳು.

ಎಫ್.ಐ.ಆರ್. ಇಲ್ಲದೆ ಪ್ರಕರಣ ಮುಗಿಯಿತು. ಯಾರು ಮಾಡಿದ್ದು ಎಂದು ಕೇಳುವ ಮೊದಲು ಇದೇನು ಎಂದು ಕೇಳಬೇಕು. ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. ಜೀಪು ಹತ್ತುವಾಗ ತಿರುಗಿ ನೋಡಿದೆ. ಅಪ್ಪ ಮಗಳು ಮೆಷಿನ್ ಹೊತ್ತು ರಂಗೋಲಿಯ ಹತ್ತಿರ ಬಂದಿದ್ದರು.

‘ಅಪ್ಪ, ಹುಷಾರು, ಅಲ್ಲಿ ಹೊಳೆ ಇದೆ’ ಎಂದಳು ದಿವ್ಯಾ.

ಮಂಜಣ್ಣ ಮೆಷಿನ್ ಇಳಿಸಿ ಪಂಚೆ ಎತ್ತಿ ಕಟ್ಟಿ, ಮತ್ತೆ ಹೊತ್ತು, ದೊಡ್ಡದೊಂದು ಹೆಜ್ಜೆ ಹಾಕಿ ಹೊಳೆ ದಾಟಿದ.