ಮೂರನೇ ಕೌಂಟರಿನ ಆಮೆ

ಅವಳಿಗೆ ಆಮೆ ಎಂದು ಹೆಸರಿಟ್ಟವನು ಮನೆಸಾಮಾನಿನ ದೊಡ್ಡ ಅಂಗಡಿಯೊಂದರ ಮ್ಯಾನೇಜರು. ಆರು ವರ್ಷದ ಹಿಂದೆ ಅವಳು ಅಲ್ಲಿ ಮೂರನೇ ಕೌಂಟರಿನಲ್ಲಿ ಬಿಲ್ಲು ಮಾಡುತ್ತಿದ್ದಳು. ಮೊದಲ ವರ್ಷ ಅವಳ ಮುಂದಿನ ಸಾಲೇ ಎಲ್ಲಕ್ಕಿಂತ ಬೇಗ ಕರಗುತ್ತಿತ್ತು. ಆಮೇಲೆ ಏನಾಯಿತೋ, ಒಂದು ಬಕೆಟ್ಟು ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಅದರ ಹೆಸರು ಮೂಡಲು ಯುಗ ಹಿಡಿಯತೊಡಗಿತು. ಕಂಪ್ಯೂಟರು ಸರಿಯಿಲ್ಲ ಎಂದು ಅವಳು ಹೇಳಿದಾಗಲೆಲ್ಲ ಮ್ಯಾನೇಜರು ಗಿರಾಕಿಗಳ ಎದುರೇ, "ಕಂಪ್ಯೂಟರಿಗೇನು ದಾಡಿ? ನೀನೇ ಆಮೆ" ಎಂದು ನಗುತ್ತಿದ್ದ. ಎರಡು ತಿಂಗಳಿಗೆ 'ಕೈ ನಿಧಾನ' ಎಂದು ಬರೆದ ಕಾಗದ ಕೊಟ್ಟು ಮನೆಗೆ ಕಳಿಸಿದ.

ಆ ಕೆಲಸ ಕೊಡಿಸಿದ್ದು ಅವಳ ಅಣ್ಣ. "ನನ್ನ ಮರ್ಯಾದೆ ತೆಗೆದೆಯಲ್ಲೇ" ಎಂದವನು ಅಷ್ಟಕ್ಕೇ ಬಿಡದೆ ಆ ಹೆಸರನ್ನು ಮನೆಯೊಳಕ್ಕೂ ತಂದ. ಅತ್ತಿಗೆ ಹಾಗೇ ಕರೆದಳು. ಮಕ್ಕಳು 'ಆಮೆ ಅತ್ತೆ' ಎಂದರು. ಕೆಲವರು ಇಂಥದ್ದನ್ನೆಲ್ಲ ಮರೆತು ದೊಡ್ಡವರಾಗುತ್ತಾರಂತೆ. ಇವಳು ಆ ಜಾಯಮಾನದವಳಲ್ಲ, ಅಂಥವರನ್ನು ನಾನೂ ಅಷ್ಟಾಗಿ ನಂಬುವುದಿಲ್ಲ. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಹಲ್ಲು ಕಚ್ಚಿಕೊಂಡು ಕಂಪ್ಯೂಟರ್ ರಿಪೇರಿ ಕಲಿತಳು. ಅಂಗಡಿಗಳ ಹಳೆ ಬಿಲ್ಲಿಂಗ್ ಕಂಪ್ಯೂಟರುಗಳಿಗೆ ಮತ್ತೆ ಜೀವ ತುಂಬುವುದೇ ಅವಳ ಕಸುಬಾಯಿತು. ಬೇಡದ್ದನ್ನೆಲ್ಲ ಕಿತ್ತುಹಾಕುವುದು, ಸವೆದ ಡಿಸ್ಕು ಬದಲಿಸುವುದು, ಕಂಡವರು ಪೆನ್‌ಡ್ರೈವ್ ತೂರಿಸದಂತೆ ಮಾಡುವುದು. ಎಲ್ಲಕ್ಕೂ ಒಂದು ಹಾಳೆ: ಮೊದಲು ಎಷ್ಟು ಹೊತ್ತು, ಆಮೇಲೆ ಎಷ್ಟು ಹೊತ್ತು, ಕಾರಣವೇನು, ಅಂಗಡಿಯವರ ರುಜು.

ಹೋದ ತಿಂಗಳು ಆ ಅಂಗಡಿಯಿಂದಲೇ ಫೋನು ಬಂತು, ಬಿಲ್ಲಿನ ಕಂಪ್ಯೂಟರು ತೀರಾ ನಿಧಾನ, ಬಂದು ನೋಡಿ ಎಂದು. ಹೋದಳು. ಮಾವನ ನಂತರ ಅಂಗಡಿ ವಹಿಸಿಕೊಂಡಿದ್ದ ಯಜಮಾನಮ್ಮನಿಗೆ ಇವಳು ಯಾರೆಂದು ಗೊತ್ತಿರಲಿಲ್ಲ. ಕನ್ನಡಕ, ಕತ್ತರಿಸಿದ ಕೂದಲು ಕಂಡು ಮ್ಯಾನೇಜರಿಗೂ ಗುರುತು ಹತ್ತಲಿಲ್ಲ. ಮೂರನೇ ಕೌಂಟರಿನಲ್ಲಿ ಅದೇ ಕಂಪ್ಯೂಟರು ಕೂತಿತ್ತು. ಕೀಬೋರ್ಡಿನ ಬಿರುಕು ಬಿಟ್ಟ ಕೀಲಿಯ ಮೇಲೆ ಅವಳೇ ಅಂಟಿಸಿದ್ದ ಟೇಪು ಕೂಡ ಹಾಗೇ ಇತ್ತು.

"ಮೊದಲು ಇದ್ದ ಹಾಗೇ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೀಬೇಕು, ಜನ ಇರೋವಾಗ್ಲೇ" ಎಂದಳು. "ಇಪ್ಪತ್ತು ಸಾಮಾನು. ಅಂಗಡಿಯವರೇ ಒಬ್ಬರು ಕೂರ್ಬೇಕು."

"ನೀವೇ ಕೂತ್ಕೊಳ್ಳಿ" ಎಂದರು ಯಜಮಾನಮ್ಮ, ಮ್ಯಾನೇಜರಿಗೆ.

ಮ್ಯಾನೇಜರು ಅಂಗಿಯ ತೋಳು ಮಡಚಿ ಕೂತ. ನಾಲ್ಕನೇ ಸಾಮಾನಿಗೇ ಬೆವರಿಳಿಯಿತು. ಪರದೆ ಅಲುಗುವುದಿಲ್ಲ, ಅವನು ಕೀಲಿ ಕುಟ್ಟುತ್ತಾನೆ, ಒಂದೇ ಬಾಣಲೆ ಮೂರು ಸಲ ಬಿಲ್ಲಿಗೆ ಏರುತ್ತದೆ, ಅಳಿಸಲು ಇನ್ನಷ್ಟು ಹೊತ್ತು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಏನಪ್ಪಾ, ನಿದ್ದೆ ಮಾಡ್ತಿದ್ದೀಯಾ?" ಎಂದು ಗದರಿದರು.

"ಕಂಪ್ಯೂಟರ್ ನಿಧಾನ ಅಮ್ಮ!" ಎಂದ ಮ್ಯಾನೇಜರು.

ಅವಳು ಗಡಿಯಾರ ಹಿಡಿದು ನಿಂತಿದ್ದಳು. ಬೇಗ ಮುಗಿಯದಿರಲಿ ಎಂದು ಮನಸಾರೆ ಹಾರೈಸಿದಳು. ಹನ್ನೊಂದು ನಿಮಿಷ ಹಿಡಿಯಿತು.

ಆಮೇಲೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇಳಿದಳು. ಅಲ್ಲೊಂದು ಕ್ಯಾಮೆರಾ ತಂತ್ರಾಂಶ ಸಿಕ್ಕಿತು. ಅಂಗಡಿಯ ಎಂಟು ಕ್ಯಾಮೆರಾಗಳ ಚಿತ್ರವೂ ಹಗಲಿಡೀ ಈ ಬಡಪಾಯಿಯ ಡಿಸ್ಕಿಗೇ ಬಂದು ಬೀಳುತ್ತಿತ್ತು. ಹಾಕಿದ ತಾರೀಖು ನೋಡಿದಳು. ಅವಳ ಕಾಗದದ ತಾರೀಖಿಗಿಂತ ಸರಿಯಾಗಿ ಎರಡು ತಿಂಗಳು ಮೊದಲು.

"ಇದನ್ನ ಹಾಕಿಸಿದ್ದು ಯಾರು?" ಎಂದರು ಯಜಮಾನಮ್ಮ.

"ನಾನೇ. ಕ್ಯಾಬಿನ್ನಿಂದ ಎಲ್ಲರ ಮೇಲೂ ಕಣ್ಣಿಡೋಕೆ. ಅದಕ್ಕೆ ಬೇರೆ ಕಂಪ್ಯೂಟರ್ ಯಾಕೆ ದಂಡ ಅಂತ..."

ಅವಳು ಅದನ್ನು ಕಿತ್ತುಹಾಕಿ ಹೊಸ ಡಿಸ್ಕು ಹಾಕಿದಳು. ಆಗಾಗ ಸ್ಕ್ಯಾನರನ್ನು ಮಲಗಿಸುತ್ತಿದ್ದ ವಿದ್ಯುತ್ ಉಳಿತಾಯ ನಿಲ್ಲಿಸಿದಳು. ಏನನ್ನಾದರೂ ಹಾಕುವ, ತೆಗೆಯುವ ಅಧಿಕಾರದ ಪಾಸ್‌ವರ್ಡ್ ಬದಲಿಸಿ, ಲಕೋಟೆಯಲ್ಲಿಟ್ಟು ಯಜಮಾನಮ್ಮನ ಕೈಗೇ ಕೊಟ್ಟಳು. ಮ್ಯಾನೇಜರು ಕೈ ಚಾಚಿದ್ದ, ಚಾಚಿದ ಹಾಗೇ ಉಳಿದ.

"ಈಗ ನಾನು ಕೂರ್ತೀನಿ. ನೀವು ಗಡಿಯಾರ ಹಿಡೀರಿ."

ಅದೇ ಇಪ್ಪತ್ತು ಸಾಮಾನು. ಟೇಪಿನ ಕೀಲಿ ಅವಳ ಬೆರಳನ್ನು ಮರೆತಿರಲಿಲ್ಲ. ಐವತ್ತೆರಡು ಸೆಕೆಂಡು. ಮ್ಯಾನೇಜರು ಗಡಿಯಾರ ಬಿಟ್ಟು ಆ ಕೈಗಳನ್ನೇ ನೋಡಿದ. ಆಮೇಲೆ ಮುಖ ನೋಡಿದ. ಅವನ ಬಣ್ಣ ಇಳಿಯಿತು.

"ನೀನು... ಆಮೆ..."

ಅವಳು ಹಳೆಯ ಕಾಗದವನ್ನು ಇವತ್ತಿನ ಅಳತೆಯ ಹಾಳೆಯ ಪಕ್ಕದಲ್ಲಿಟ್ಟಳು. ಯಜಮಾನಮ್ಮ ಎರಡನ್ನೂ ಓದಿದರು.

"ಕಾರಣ ಅಂತ ಜಾಗ ಇದೆಯಲ್ಲ, ಅಲ್ಲಿ ಬರೀರಿ" ಎಂದಳು ಮ್ಯಾನೇಜರಿಗೆ. "ಮೂರನೇ ಕೌಂಟರಿನವಳ ಕೈ ನಿಧಾನ ಇರ್ಲಿಲ್ಲ, ನಾನು ಹಾಕಿಸಿದ ಕ್ಯಾಮೆರಾದಿಂದ ಕಂಪ್ಯೂಟರ್ ನಿಧಾನ ಆಗಿತ್ತು ಅಂತ."

"ಹೋಗ್ಲಿ ಬಿಡಮ್ಮ, ಹಳೇದು. ಈಗ್ಯಾಕೆ?"

"ಬರೀರಿ" ಎಂದರು ಯಜಮಾನಮ್ಮ.

ಬರೆದ. ಪೆನ್ನು ಒಂದೊಂದು ಅಕ್ಷರಕ್ಕೂ ತಡವರಿಸಿತು. ಅವಳಿಗೆ ಪಾಪ ಎನಿಸಲಿಲ್ಲ.

"ಸ್ವಲ್ಪ ಬೇಗ ಕೈ ಆಡಿಸಿ ಸಾರ್" ಎಂದಳು, "ಹಿಂದೆ ಜನ ಕಾಯ್ತಿದ್ದಾರೆ."

ರುಜುವಿನ ಮಸಿ ಆರುವ ಮೊದಲೇ ಹಾಳೆಯ ಫೋಟೊ ತೆಗೆದು ಅಣ್ಣನಿಗೆ ಕಳಿಸಿದಳು. ಕೆಳಗೆ ಒಂದೇ ಸಾಲು ಬರೆದಳು: "ಮಕ್ಕಳಿಗೂ ಓದಿ ಹೇಳು. ಇವತ್ತು ನಿಮ್ಮನೆಗೆ ಊಟಕ್ಕೆ ಬರ್ತೀನಿ, ನನ್ನನ್ನ ಏನಂತ ಕರೀತೀಯ ಅಂತ ನೋಡ್ಬೇಕು."