ಒರೆಸಿದ ಚೆಂಡು

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು. ಒಮ್ಮೆ ಕೊಡೆ ರಿಪೇರಿ, ಒಮ್ಮೆ ಕನ್ನಡಕದ ಕಾಲು. ಹೀಗೆ ಮುಂದೂಡುತ್ತ ಮೂವತ್ತು ವರ್ಷ ಕಳೆದೆ. ಹೋದ ತಿಂಗಳು ಕೊಟ್ಟೂರಿನ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಟಿವಿಯಲ್ಲಿ ಗಾಲ್ಫ್ ಆಟ ಬರುತ್ತಿತ್ತು. ಆಟಗಾರ ಚೆಂಡೆತ್ತಿ ಕೊಟ್ಟ. ಚೀಲ ಹೊರುವವ ಒದ್ದೆ ಟವೆಲಿನಿಂದ ಅದನ್ನು ಕೂಸಿನ ಮುಖ ಒರೆಸಿದಂತೆ ಒರೆಸಿದ.

"ಚೆಂಡು ಒರಸಾಕೂ ಒಬ್ಬ ಆಳು ಅದಾನ ನೋಡ್ರಿ ಯಜಮಾನ್ರ," ಎಂದು ಅಂಗಡಿಯವ ನಕ್ಕ. ಒಂದು ಕಾಲಕ್ಕೆ ಆ ಆಳು ನಾನೇ ಎನ್ನಲು ಬಾಯಿ ತೆರೆದೆ. ನೊರೆ ಒಳಗೆ ಹೋಯಿತು. 

ನಮ್ಮ ಸೀಮೆಗೆ ಗಾಲ್ಫ್ ಎಲ್ಲಿಂದ ಬಂತು ಎನ್ನುತ್ತೀರಿ. ಬಂದಿತ್ತು. ಕಾನಹೊಸಹಳ್ಳಿಯಿಂದ ಒಳಗೆ, ಗುಡ್ಡದ ಬುಡದಲ್ಲಿ, ಗಣಿ ಕಂಪನಿಯ ಸಾಹೇಬರು ಒಂಬತ್ತು ಕುಳಿ ತೋಡಿಸಿ ಮೈದಾನ ಮಾಡಿಕೊಂಡಿದ್ದರು. ಬೇರೆ ಊರುಗಳಲ್ಲಿ ಕುಳಿಯ ಸುತ್ತ ಹಸಿರು ಹುಲ್ಲಿರುತ್ತದಂತೆ. ಇಲ್ಲಿ ಅಷ್ಟು ನೀರು ಎಲ್ಲಿಯದು? ಮರಳು ಹರವಿ, ಸುಟ್ಟ ಎಂಜಿನ್ ಎಣ್ಣೆ ಕಲಸಿ ಮಟ್ಟ ಮಾಡುತ್ತಿದ್ದರು. ಅದರ ಹೆಸರು ಬ್ರೌನು. ಒಂಬತ್ತೂ ಬ್ರೌನುಗಳನ್ನು ಮಟ್ಟ ಮಾಡುತ್ತಿದ್ದವಳು ಒಬ್ಬಳೇ. ಹಂಪಸಾಗರದಿಂದ ಮದುವೆಯಾಗಿ ಬಂದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಹಲಗೆಗೆ ಗೋಣಿತಾಟು ಸುತ್ತಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಎಳೆಯುವಳು. ಆಕೆ ಎಳೆದ ಮೇಲೆ ಮರಳಿನಲ್ಲಿ ಇರುವೆ ಹಾದರೂ ಗೆರೆ ಕಾಣಿಸುತ್ತಿತ್ತು. ಸಂಜೆ ಕೆಲಸ ಮುಗಿದರೂ ಮನೆಗೆ ಹೋಗದೆ ದೂರ ನಿಂತು ಅದನ್ನೇ ನೋಡುತ್ತಿದ್ದಳು.

ನಾನು ಹತ್ತನೇ ತರಗತಿ ಪಾಸಾದವನು. ಒಬ್ಬ ಸಾಹೇಬರ ಚೀಲ ಹೊರುತ್ತಿದ್ದೆ. ಆಟದ ನಿಯಮಗಳ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಹಿಡಿದು ಓದಿದ್ದೆನಾಗಿ, ಆ ಹೊರೆಗಿಂತ ನನ್ನ ತಲೆಯೇ ಭಾರವಾಗಿತ್ತು. ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದಾಗ ಅಕ್ಕನಿಗೆ ಪಾಠ ಹೇಳುತ್ತಿದ್ದೆ. ಬ್ರೌನಿನ ಮೇಲೆ ಚೆಂಡೆತ್ತಿ ಒರೆಸಬಹುದು. ಹೊರಗೆ ಬಿದ್ದಿದ್ದರೆ, ನಮ್ಮದೋ ಅಲ್ಲವೋ ನೋಡಲು ಎತ್ತಬಹುದು, ಆದರೆ ಗುರುತು ಕಾಣುವಷ್ಟೇ ಮಣ್ಣು ತೆಗೆಯಬೇಕು. ಹೆಚ್ಚು ಒರೆಸಿದರೆ ಒಂದು ಹೊಡೆತದ ದಂಡ; ಕಡಿಮೆ ಹೊಡೆತದವನೇ ಗೆಲ್ಲುವ ಆಟ ಇದು.

"ಚೆಂಡಿಗೆ ಮುಖ ತೊಳಿಯಾಕೂ ಕಾಯ್ದೆ ಐತೇನಪಾ ಮಾಸ್ತರ?" ಎಂದಳು ಅಕ್ಕ. "ನಮ್ಮ ಎಮ್ಮಿ ಕೆಸರಾಗ ಹೊಳ್ಳ್ಯಾಡಿದ್ರ ನಾ ಯಾರ ಅಪ್ಪಣಿ ಕೇಳ್ಲಿ?"

"ಎಮ್ಮಿ ಆಟ ಅಲ್ಲಬೇ ಅಕ್ಕ."

"ಹಾಲು ಹಿಂಡಾಕ ಕುಂತು ನೋಡು, ಆಟೋ ಅಲ್ಲೋ ಗೊತ್ತಾಕ್ಕತಿ," ಎಂದು ಮೆಣಸಿನಕಾಯಿ ಚಟ್ನಿಯನ್ನು ನನ್ನ ರೊಟ್ಟಿಗೆ ಹಚ್ಚಿದಳು. ಆ ಚಟ್ನಿಗೆ ನನ್ನ ಕಣ್ಣಲ್ಲಿ ನೀರು ಬರುವುದನ್ನು ಕಂಡು ಖುಷಿಪಡುತ್ತಿದ್ದಳು.

ವರ್ಷಕ್ಕೊಮ್ಮೆ ದೊಡ್ಡ ಪಂದ್ಯ. ಆ ವರ್ಷ ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಮೇಣದಂತಾಗಿತ್ತು. ಎಂಟನೇ ಕುಳಿಯ ಹತ್ತಿರ ಚೆಂಡೊಂದು ಕೆಸರಿನಲ್ಲಿ ಹೂತಿತ್ತು. "ಎತ್ತಿ ನೋಡು, ನಮ್ಮದೇನಾ?" ಎಂದು ಸಾಹೇಬರು ದೂರದಿಂದ ಕೂಗಿದರು. ಮುಂದೆ ಹೋದೆ. ಬಗ್ಗುವಾಗ ಕಾಲಿನ ತುದಿ ಚೆಂಡನ್ನು ಸವರಿತು.

ಕಾಲು ತಾಗಿದ್ದನ್ನು ನಾವೇನು ಮಾಡುತ್ತೇವೆ, ನೀವೇ ಹೇಳಿ. ಪುಸ್ತಕವಿರಲಿ, ಮೊರವಿರಲಿ, ಎತ್ತಿ ಒರೆಸಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನನ್ನ ಕೈ ನನ್ನನ್ನು ಕೇಳಲಿಲ್ಲ. ಅಂಗಿಯ ಚುಂಗಿನಿಂದ ಚೆಂಡನ್ನು ಲಕಲಕ ಒರೆಸಿ ಎರಡೂ ಕಣ್ಣಿಗೆ ಒತ್ತಿಕೊಂಡಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಹಲಗೆ ಹಿಡಿದು ನಿಂತಿದ್ದ ಅಕ್ಕ ನೋಡಿ, ಸೆರಗು ಬಾಯಿಗೆ ಒತ್ತಿ ನಕ್ಕಳು.

ಅಷ್ಟರಲ್ಲಿ ಎದುರಾಳಿ ಬಂದು, "ಯಾರು ಒರೆಸಿದ್ದು?" ಎಂದರು.

ಪುಸ್ತಕ ತಲೆಯೊಳಗೆ ತಾನಾಗಿ ತೆರೆದುಕೊಂಡಿತು. ಚೀಲ ಹೊರುವವ ಒರೆಸಿದರೆ ಅವನ ಸಾಹೇಬರಿಗೆ ದಂಡ. ಆಟಕ್ಕೆ ಸಂಬಂಧವಿಲ್ಲದ ಹೊರಗಿನವರು ಮುಟ್ಟಿದರೆ ದಂಡವಿಲ್ಲ, ಚೆಂಡನ್ನು ಇದ್ದಲ್ಲೇ ಇಟ್ಟು ಆಡಬಹುದು.

"ಆ ಅಕ್ಕ ಒರೆಸಿಬಿಟ್ಟಳು ಸರ್, ಗೊತ್ತಾಗದೆ."

ಎಲ್ಲರೂ ನಂಬಿದರು. ಓದಿದವನು ನಾನು, ಓದದವಳು ಅವಳು. ಅಕ್ಕನ ನಗು ಸೆರಗಿನ ಹಿಂದೆಯೇ ನಿಂತಿತು. ನನ್ನನ್ನು ಒಂದು ಗಳಿಗೆ ನೋಡಿ, "ತಪ್ಪಾತ್ರಿ ಸಾಹೇಬ್ರ," ಎಂದಳು.

ನಮ್ಮ ಸಾಹೇಬರು ಒಂದೇ ಹೊಡೆತದ ಅಂತರದಿಂದ ಗೆದ್ದು ನನ್ನ ಬೆನ್ನು ತಟ್ಟಿದರು. ಆಟದ ನಡುವೆ ಚೆಂಡು ಮುಟ್ಟುವವರು ಬೇಡವೆಂದು ಮರುದಿನ ಮೇಸ್ತ್ರಿ ಅಕ್ಕನನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ. ಆಕೆ ಗೇಟಿನಾಚೆ ನಿಂತು ಮೊದಲನೇ ಬ್ರೌನಿನ ಕಡೆ ನೋಡಿದ್ದು, ನೋಡಿ ಹೊಲದ ದಾರಿ ಹಿಡಿದದ್ದು ಬೇವಿನ ಮರೆಯಿಂದ ನನಗೆ ಕಂಡಿತು. ಚೀಲ ಹೆಗಲಿಗೇರಿಸಿಕೊಂಡು ಮೈದಾನಕ್ಕೆ ಹೋದೆ.

ಕ್ಷೌರ ಮಾಡಿಸಿಕೊಂಡ ವಾರವೇ ಹೂವಿನಹಡಗಲಿಯ ಬಸ್ಸು ಹತ್ತಿದೆ. ಅಕ್ಕ ಅಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಕೇಳಿದ್ದೆ. ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದವಳು ದನಿಯಿಂದಲೇ ಗುರುತು ಹಿಡಿದಳು.

"ಬಾರಪಾ ಮಾಸ್ತರ. ಹಲ್ಲು ಎಲ್ಲಿ ಬಿಟ್ಟು ಬಂದಿ?" ಎಂದಳು. ಮಗಳತ್ತ ತಿರುಗಿ, "ಇವ ನಮ್ಮ ಗ್ರೌಂಡಿನ ಮಾಸ್ತರ. ನಾ ಸಾಹೇಬ್ರ ಚೆಂಡು ಒರಸಿ ಕೆಲಸ ಕಳಕೊಂಡ್ನೆಲ್ಲ, ಆವತ್ತು ಇವ ಅಲ್ಲೇ ಇದ್ದ," ಎಂದಳು.

ಮಗಳು ಚಹಾದ ಲೋಟ ಕೊಡುತ್ತ ನಕ್ಕಳು. "ವಾರಕ್ಕೊಮ್ಮಿ ಇದನ್ನ ಹೇಳ್ತಾಳ್ರಿ ನಮ್ಮವ್ವ. ಖರೇನ ಒರಸಿದ್ಲೇನ್ರಿ?"

ನಿಜ ಹೇಳಲೆಂದೇ ಹೋಗಿದ್ದೆ. ಮಗಳು ಕೇಳಲೂ ಕೇಳಿದಳು. ಅಕ್ಕ ಹೂವಿನಿಂದ ತಲೆಯೆತ್ತಲಿಲ್ಲ, ಬೆರಳು ಮಾತ್ರ ನಿಂತವು.

"ಹೂನವ್ವ, ಖರೇನ," ಎಂದೆ.

ಬೆರಳುಗಳು ಮತ್ತೆ ಕಟ್ಟತೊಡಗಿದವು.

ಮಗಳಿಗೆ ಓದಲು ಬರುತ್ತದೆ. ಇದನ್ನು ಆಕೆಗೇ ಕಳಿಸುತ್ತೇನೆ, ಅವ್ವನೆದುರು ಗಟ್ಟಿಯಾಗಿ ಓದಲಿ. ಕೇಳವ್ವ, ಆ ಚೆಂಡನ್ನು ಒರೆಸಿದವನು ನಾನು. ನಿನ್ನ ತಾಯಿಯ ಕೈ ಅದಕ್ಕೆ ತಾಗಲೇ ಇಲ್ಲ. ತಪ್ಪಾಯಿತು ಎಂದು ನಾನು ಹೇಳಬೇಕಿದ್ದುದನ್ನು ಆವತ್ತು ನನ್ನ ಬದಲಿಗೆ ಹೇಳಿದವಳು ಹಂಪಸಾಗರದ ಕೊಟ್ರಮ್ಮ.