ಎಡ ಹುಬ್ಬಿನ ಕ್ರೀಮು, ಬಲ ಹುಬ್ಬಿನ ಕ್ರೀಮು

ನಮ್ಮ ಬೈಲಹೊಂಗಲದಲ್ಲಿ ಮುಖದ ಮೇಲೆ ಏನಾದರೂ ಎದ್ದರೆ ಡಾಕ್ಟರ ಬಳಿ ಹೋಗುವವರು ಕಡಿಮೆ. ಔಷಧಿ ಅಂಗಡಿಯ ಮುಂದೆ ನಿಂತು ಮುಖ ಚಾಚುತ್ತಾರೆ. ಗಜಕರ್ಣವಿರಲಿ, ಮೊಡವೆಯಿರಲಿ, ಅಂಗಡಿಯವನು ಕೊಡುವುದು ಒಂದೇ ಟ್ಯೂಬು. ಅದು ಮನೆಯ ಗೋಡೆಗೂಡಿನಲ್ಲಿ ಹಲ್ಲುಪುಡಿಯ ಪಕ್ಕ ಕೂರುತ್ತದೆ. ಮುದುಕರ ಹಿಮ್ಮಡಿಗೂ ಅದೇ, ಹರೆಯದವರ ಕೆನ್ನೆಗೂ ಅದೇ.

ನಾನು ಬ್ಲೌಸ್ ಹೊಲಿಯುವವಳು. ಹುಬ್ಬಿನಿಂದ, ಮೂಗಿನ ಬದಿಯಿಂದ ಹೊಟ್ಟು ಉದುರುವ ಕಾಯಿಲೆ ನನಗೆ ಬಹಳ ವರ್ಷದ್ದು. ಅಳತೆ ಕೊಡಲು ಬಂದ ಹೆಂಗಸರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಬೆಳಗಾವಿಯ ಚರ್ಮದ ಡಾಕ್ಟರು ಇದು ಯಾರಿಗೂ ಅಂಟುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ, ಎದ್ದಾಗ ಹಚ್ಚಿ ಹದ್ದುಬಸ್ತಿನಲ್ಲಿಟ್ಟುಕೊಳ್ಳಬೇಕು ಎಂದು ಹೇಳಿ, ಬರೀ ಕೀಟೋಕೊನಜೋಲ್ ಎಂಬ ಶಿಲೀಂಧ್ರದ ಮದ್ದಿರುವ ಕ್ರೀಮು ಬರೆದುಕೊಟ್ಟರು. ಅಂಗಡಿಯ ಟ್ಯೂಬಿನಲ್ಲಿ ಜೋರಾದ ಸ್ಟಿರಾಯ್ಡ್ ಬೆರೆಸಿರುತ್ತಾರೆ, ಅದನ್ನು ಮುಖಕ್ಕೆ ಮುಟ್ಟಿಸಬೇಡಿ ಎಂದೂ ಹೇಳಿದರು. ನಾನು ಯಾರ ಮಾತನ್ನೂ ಸುಮ್ಮನೆ ನಂಬುವವಳಲ್ಲ. ಎಡ ಹುಬ್ಬಿಗೆ ಡಾಕ್ಟರದ್ದು, ಬಲ ಹುಬ್ಬಿಗೆ ಅಂಗಡಿಯದ್ದು ಹಚ್ಚಿ ನೋಡಿದೆ.

ಬಲ ಹುಬ್ಬು ಬೇಗನೆ ನುಣ್ಣಗಾಯಿತು. ಎಡದ್ದು ಉದುರುತ್ತಲೇ ಇತ್ತು. ಅದೇ ಹೊತ್ತಿಗೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ದೇಗಾಂವದಿಂದ ಬಂದರು. ಅವರ ಮಗಳನ್ನು ನೋಡಲು ಸವದತ್ತಿಯಿಂದ ಗಂಡಿನವರು ಬರುವವರಿದ್ದರು. ಹುಡುಗಿಯ ಮೂಗಿನ ಬದಿಗೂ ನನ್ನಂತೆಯೇ ಹೊಟ್ಟು. ವೈನಿ ನನ್ನ ಎರಡೂ ಹುಬ್ಬು ನೋಡಿ ಬಲದ ಟ್ಯೂಬು ಎತ್ತಿಕೊಂಡರು. ಎಡದ್ದು ಒಯ್ಯಿರಿ ಎಂದೆ. ಮೂಗು ಮುರಿದರು.

"ನಿಂದು ಯಾವಾಗ ಗುಣಾ ಕೊಡೂದು? ಅವ್ರು ಐತವಾರ ಬರಾವ್ರದಾರ."

ಹುಡುಗಿ ಮೂಗಿಗಷ್ಟೇ ಅಲ್ಲ, ಮುಖಕ್ಕೆಲ್ಲ ಬಳಿದುಕೊಂಡಳು. ಬೆಳ್ಳಗೆ ಹೊಳೆದಳು. ಸವದತ್ತಿಯವರು ಒಪ್ಪಿಕೊಂಡು ಹೋದರು. ಇತ್ತ ಟ್ಯೂಬು ತಪ್ಪಿದ್ದೇ ತಡ, ನನ್ನ ಬಲ ಹುಬ್ಬು ಮೊದಲಿಗಿಂತ ಕೆಂಪಾಗಿ ಉರಿಯತೊಡಗಿತು. ಎಡದ್ದು ನಿಧಾನಕ್ಕೆ ತಣ್ಣಗಾಗಿ ಹಾಗೆಯೇ ಉಳಿಯಿತು. ಫೋನು ಮಾಡಿ ಹೇಳಿದರೆ, ವೈನಿ ಆಗಲೇ ಹೊಸ ಟ್ಯೂಬು ತರಿಸಿದ್ದರು. ಒಂದು ದಿನ ಬಿಟ್ಟರೂ ಮಗಳ ಮುಖ ಉರಿಯುತ್ತದಂತೆ, ಅಂದಮೇಲೆ ಅದೇ ಸರಿಯಾದ ಮದ್ದಂತೆ. ಫೋನು ಇಟ್ಟುಬಿಟ್ಟೆ. ನನಗೆ ಅಸಹ್ಯವಾಯಿತು.

ಮದುವೆ ಮುಂದಕ್ಕೆ ಹೋಯಿತು, ಟ್ಯೂಬುಗಳು ಖಾಲಿಯಾಗುತ್ತಲೇ ಇದ್ದವು. ಹುಡುಗಿಯ ಕೆನ್ನೆಯ ಚರ್ಮ ತೆಳ್ಳಗಾಗಿ ಕೆಂಪು ನರದ ಗೆರೆಗಳು ಕಾಣತೊಡಗಿದವು, ಗಲ್ಲದ ಮೇಲೆ ಸಣ್ಣ ಕೂದಲೆದ್ದವು. ಬಿಸಿಲಿಗೆ ಹೋಗುವುದನ್ನೇ ಬಿಟ್ಟಳು. ಕಡೆಗೆ ಒಬ್ಬಳೇ ಬಸ್ಸು ಹತ್ತಿ ನನ್ನಲ್ಲಿಗೆ ಬಂದಳು.

"ಅತ್ತಿ, ಬಿಟ್ರ ಲಗ್ನ ಮುರೀತೈತಿ, ಹಚ್ಚಿದ್ರ ಮಾರಿ ಕೆಡತೈತಿ."

ಬೆಳಗಾವಿಗೆ ಕರೆದುಕೊಂಡು ಹೋದೆ. ಡಾಕ್ಟರು ಆ ಟ್ಯೂಬು ಬಿಡಿಸಿದರು. ಕೆಲವು ವಾರ ಮುಖ ಕೆಂಪಾಗುತ್ತದೆ, ಹೆದರಬೇಡ, ತಡೆದುಕೊಂಡರೆ ಉಳಿಯುತ್ತದೆ ಎಂದರು. ಹುಡುಗಿ ತಡೆದುಕೊಂಡಳು. ಮುಖ ಸುಲಿದು ಕೆಂಪಾಗಿದ್ದಾಗಲೇ ಗಂಡಿನ ತಾಯಿ ಸೀರೆ ತೆಗೆದುಕೊಂಡು ದೇಗಾಂವಕ್ಕೆ ಬಂದರು. ಅವತ್ತು ನಾನೂ ಅಲ್ಲಿದ್ದೆ. ವೈನಿ ನನ್ನನ್ನು ಸುಟ್ಟುಬಿಡುವಂತೆ ನೋಡುತ್ತಿದ್ದರು.

ಗಂಡಿನ ತಾಯಿ ಹುಡುಗಿಯ ಗದ್ದ ಹಿಡಿದು ಮುಖ ಎತ್ತಿ ನೋಡಿದರು. ಸಿಟ್ಟಾಗಲಿಲ್ಲ. ಕೈಚೀಲ ಬಿಚ್ಚಿ ಅದೇ ಟ್ಯೂಬು ತೆಗೆದರು.

"ಇದನ್ನ ಹಚ್ಚವಾ. ನಮ್ಮ ಮನ್ಯಾಗ ಎಲ್ಲಾರೂ ಇದನ್ನ ಹಚ್ಚತೇವಿ."

ವೈನಿ ಗೆದ್ದವರಂತೆ ನನ್ನತ್ತ ತಿರುಗಿದರು. ನಾನು ಗಂಡಿನ ತಾಯಿಯ ಮುಖ ನೋಡುತ್ತಿದ್ದೆ. ಪೌಡರಿನ ಅಡಿಯಲ್ಲಿ ಅದೇ ಕೆಂಪು ಗೆರೆಗಳು, ಗಲ್ಲದ ಮೇಲೆ ಅದೇ ಕೂದಲು. ಹುಡುಗಿಯೂ ಅದನ್ನೇ ನೋಡುತ್ತಿದ್ದಳು. ನೋಡುತ್ತಲೇ ಎರಡೂ ಕೈ ಚಾಚಿ ಟ್ಯೂಬು ತೆಗೆದುಕೊಂಡು, ಬಗ್ಗಿ ಅವರ ಕಾಲು ಮುಟ್ಟಿದಳು.